ಸೌರ ಮಾರುತದಲ್ಲಿ ಎಲೆಕ್ಟ್ರಾನ್‌ಗಳ ಕಾರುಬಾರು

ಸೂರ್ಯನ ಹೊರ ವಾತಾವರಣವಾದ ಕರೋನದಿಂದ ಎಲ್ಲ ದಿಕ್ಕಿಗೂ ಬಿಡುವಿಲ್ಲದೆ ಹರಿದುಹೋಗುವ ಪ್ಲಾಸ್ಮಾವೇ (ಆವೇಶವಿರುವ ಕಣಗಳ ಅನಿಲ) ಸೌರ ಮಾರುತ. ಭೂಮಿಯ ನೆರೆಗೆ ಬರುವ ಹೊತ್ತಿಗೆ ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 300ರಿಂದ 800 ಕಿ.ಮೀ. ಒಂದು ಘನ ಸೆಂಟಿಮೀಟರಿನಲ್ಲಿ ಸಿಗುವುದು ಸುಮಾರು ಐದು ಪ್ರೋಟಾನ್, ಹೆಚ್ಚುಕಡಿಮೆ ಅಷ್ಟೇ ಎಲೆಕ್ಟ್ರಾನ್. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ. ಹೀಗಾಗಿ ಮಾರುತದ ತೂಕವೂ ಅದು ಭೂಮಿಯ ಕಾಂತಗೋಳವನ್ನು ಅದುಮುವ ಒತ್ತಡವೂ ಪ್ರೋಟಾನ್‌ಗಳ ಲೆಕ್ಕಕ್ಕೆ ಹೋಗುತ್ತವೆ. ಎಲೆಕ್ಟ್ರಾನ್‌ಗಳು ವಿದ್ಯುದಾವೇಶ ಸರಿದೂಗಿಸಲು ಜೊತೆಗಿವೆ ಎಂದು ಹೇಳಿ ಹೆಚ್ಚಿನ ಬರಹಗಳು ಮುಂದೆ ಹೋಗಿಬಿಡುತ್ತವೆ. ಇದು ಸರಿಯಲ್ಲ. ಮಾರುತ ಸೂರ್ಯನಿಂದ ಕಿತ್ತುಕೊಂಡು ಹೊರಡಲು ಬೇಕಾದ ನೂಕಿನಲ್ಲಿ ದೊಡ್ಡ ಪಾಲು ಎಲೆಕ್ಟ್ರಾನ್‌ಗಳದ್ದು. ಅದರೊಳಗೆ ಶಾಖ ಸಾಗಿಸುವುದೂ ಅವೇ. ಒಂದು ಕಾಂತರೇಖೆಯ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೂ ಅವನ್ನೇ ಕೇಳಬೇಕು.

ಮೊದಲು ವೇಗವನ್ನು ನೋಡೋಣ. ಭೂಮಿಯ ದೂರದಲ್ಲಿ ಈ ಎಲೆಕ್ಟ್ರಾನ್‌ಗಳ ತಾಪ ಸುಮಾರು 10 ಎಲೆಕ್ಟ್ರಾನ್ ವೋಲ್ಟ್, ಅಂದರೆ ಒಂದು ಲಕ್ಷ ಕೆಲ್ವಿನ್‌ಗೆ ತುಸು ಮೇಲೆ. (ಎಲೆಕ್ಟ್ರಾನ್ ವೋಲ್ಟ್ ಎಂಬುದನ್ನು ಇನ್ನು ಮುಂದೆ ಇ.ವಿ. ಎಂದು ಬರೆಯುತ್ತೇವೆ. 1 ಇ.ವಿ. ಸುಮಾರು 11,600 ಕೆಲ್ವಿನ್‌ಗೆ ಸಮ.) ಈ ತಾಪದಲ್ಲಿ ಪ್ರೋಟಾನ್‌ಗಳು ತಮ್ಮ ಗುಂಪಿನೊಳಗೆ ಅತ್ತಿತ್ತ ಅಲೆಯುವ ವೇಗ ಸೆಕೆಂಡಿಗೆ ಸುಮಾರು 45 ಕಿ.ಮೀ. ಎಲೆಕ್ಟ್ರಾನ್‌ಗಳದ್ದು ಸುಮಾರು 1,900 ಕಿ.ಮೀ. ಮಾರುತ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಸಾಗುತ್ತಿದೆ ಎಂದುಕೊಂಡರೆ, ಪ್ರೋಟಾನ್‌ಗಳೆಲ್ಲ ಒಟ್ಟಾಗಿ ಸೂರ್ಯನಿಂದ ಆಚೆಗೇ ಓಡುತ್ತಿರುತ್ತವೆ. ಎಲೆಕ್ಟ್ರಾನ್‌ಗಳ ಚಿತ್ರವೇ ಬೇರೆ: ಯಾವ ಕ್ಷಣದಲ್ಲಿ ನೋಡಿದರೂ ಅವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸೂರ್ಯನ ಕಡೆಗೇ ವಾಪಸು ಹೋಗುತ್ತಿರುತ್ತವೆ. ಸರಾಸರಿ ತೆಗೆದಾಗ ಮಾತ್ರ ಎರಡೂ ಒಂದೇ ವೇಗದಲ್ಲಿ ಹೊರಗೆ ಸಾಗುತ್ತವೆ. ಹಾಗೆ ಸಾಗಲೇಬೇಕು, ಇಲ್ಲದಿದ್ದರೆ ಸೂರ್ಯನಲ್ಲಿ ವಿದ್ಯುದಾವೇಶ ಪೇರುತ್ತಾ ಹೋಗುತ್ತದೆ.

ಆ ಸಮತೋಲವನ್ನು ಕಾಯುವುದು ಯಾವುದು?

ಪ್ರೋಟಾನನ್ನು ಎಳೆದು ತರುವ ವಿದ್ಯುತ್ ಕ್ಷೇತ್ರ

ಸೂರ್ಯನ ಮೇಲ್ಮೈಯಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ 618 ಕಿ.ಮೀ. ವೇಗ ಬೇಕು. ಪ್ರೋಟಾನಿಗೆ ಅದು ಸುಮಾರು 2,000 ಇ.ವಿ. ಶಕ್ತಿಯ ಮಾತು. ಎಲೆಕ್ಟ್ರಾನಿಗೆ 1 ಇ.ವಿ.ಗಿಂತ ಕೊಂಚ ಹೆಚ್ಚು, ಅಷ್ಟೆ. ಹತ್ತು ಲಕ್ಷ ಕೆಲ್ವಿನ್‌ನ ಕರೋನದಲ್ಲಿ ಕಣಗಳ ಸಾಮಾನ್ಯ ಶಕ್ತಿ 86 ಇ.ವಿ. ಆಸುಪಾಸು. ಎಂದರೆ ಸೂರ್ಯನ ಗುರುತ್ವಕ್ಕೆ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ತಾಕತ್ತೇ ಇಲ್ಲ. ಪ್ರೋಟಾನ್‌ಗಳನ್ನು ಮಾತ್ರ ಅದು ಬಿಗಿಯಾಗಿ ಹಿಡಿದುಕೊಂಡಿದೆ.

ಎಲೆಕ್ಟ್ರಾನ್‌ಗಳು ಹೊರಗೆ ಜಿಗಿಯಲು ಹೊರಟ ಕೂಡಲೇ ಹಿಂದೆ ಉಳಿದ ಧನ ಆವೇಶ ಅವುಗಳನ್ನು ಎಳೆಯುತ್ತದೆ. ಸೂರ್ಯನಿಂದ ಹೊರಮುಖವಾದ ವಿದ್ಯುತ್ ಕ್ಷೇತ್ರವೊಂದು ತಾನಾಗಿ ಏರ್ಪಡುತ್ತದೆ. ಅದು ಎಲೆಕ್ಟ್ರಾನ್‌ಗಳನ್ನು ಒಳಕ್ಕೆ ಜಗ್ಗುತ್ತದೆ, ಪ್ರೋಟಾನ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಎರಡೂ ಬಗೆಯ ಕಣಗಳು ಸಮಸಮವಾಗಿ ಹೊರಬೀಳುವ ಮಟ್ಟಕ್ಕೆ ಬರುವವರೆಗೆ ಕ್ಷೇತ್ರ ಬಲವಾಗುತ್ತದೆ. ಕರೋನದಿಂದ ಬಹುದೂರದವರೆಗೆ ಲೆಕ್ಕ ಹಾಕಿದರೆ ಈ ಕ್ಷೇತ್ರದ ವಿಭವದ (ವೋಲ್ಟೇಜಿನ) ವ್ಯತ್ಯಾಸ ಕೆಲವು ನೂರು ವೋಲ್ಟಿನಿಂದ ಸಾವಿರ ವೋಲ್ಟಿನ ಆಸುಪಾಸಿಗೆ ಬರುತ್ತದೆ.

1958ರಲ್ಲಿ ಯೂಜೀನ್ ಪಾರ್ಕರ್ ಸೌರ ಮಾರುತದ ಸಿದ್ಧಾಂತ ಮಂಡಿಸಿದಾಗ ಪ್ಲಾಸ್ಮಾವನ್ನು ದ್ರವದಂತೆ ಭಾವಿಸಿದ್ದರು. ಅವರ ಸಮೀಕರಣದಲ್ಲಿ ಬರುವ ಒತ್ತಡದ ಪದದೊಳಗೆ ಈ ಕ್ಷೇತ್ರ ಅಡಗಿಯೇ ಇದೆ, ಏಕೆಂದರೆ ಎಲೆಕ್ಟ್ರಾನ್‌ಗಳ ಒತ್ತಡ ಪ್ರೋಟಾನ್‌ಗಳಿಗೆ ತಲುಪುವುದೇ ಅದರ ಮೂಲಕ. ಕಣ ಕಣವನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡ ಜೋಸೆಫ್ ಚೇಂಬರ್ಲೇನ್‌ಗೆ ಮಾತ್ರ ನಿಧಾನದ ಸೌರ ತಂಗಾಳಿ ಸಿಕ್ಕಿತು. ಎಡವಟ್ಟಾದದ್ದು ಎಲ್ಲಿ ಎಂಬುದು ಮುಖ್ಯ. ಅವರು ಬಳಸಿದ ವಿದ್ಯುತ್ ಕ್ಷೇತ್ರ ನಿಂತ ವಾತಾವರಣಕ್ಕೆ ಹೊಂದುವಂಥದು, ಅಂದರೆ ಪ್ರೋಟಾನಿನ ಮೇಲಿನ ಗುರುತ್ವದಲ್ಲಿ ಅರ್ಧವನ್ನಷ್ಟೇ ಸರಿದೂಗಿಸುವ ಕ್ಷೇತ್ರ. ಹರಿಯುತ್ತಿರುವ ವಾತಾವರಣದಲ್ಲಿ ಅಷ್ಟು ಕ್ಷೇತ್ರಕ್ಕೆ ಎಲೆಕ್ಟ್ರಾನ್‌ಗಳು ನಿಲ್ಲುವುದಿಲ್ಲ, ಪ್ರೋಟಾನ್‌ಗಳನ್ನು ಹಿಂದೆ ಬಿಟ್ಟು ಸೋರಿಹೋಗುತ್ತವೆ. 1970ರ ಸುಮಾರಿಗೆ ಯೋಕರ್ಸ್ ಒಂದು ಕಡೆ, ಲೆಮೇರ್ ಮತ್ತು ಶೆರರ್ ಇನ್ನೊಂದು ಕಡೆ, ಎರಡೂ ಹರಿವುಗಳು ಸಮವಾಗಲೇಬೇಕೆಂಬ ಷರತ್ತು ಹಾಕಿ ಲೆಕ್ಕ ಮಾಡಿದರು. ಕ್ಷೇತ್ರ ದೊಡ್ಡದಾಯಿತು, ಶಬ್ದಾತೀತ ಮಾರುತವೂ ಸಿಕ್ಕಿತು.

ಈ ಕ್ಷೇತ್ರವನ್ನು ಆಂಟೆನಾ ಚಾಚಿ ನೇರವಾಗಿ ಅಳೆಯಲಾಗದು. ಭೂಮಿಯ ದೂರದಲ್ಲಿ ಅದು ಮೀಟರಿಗೆ ಒಂದು ನ್ಯಾನೋವೋಲ್ಟಿಗೂ ಕಡಿಮೆ. ನೌಕೆಯ ಸ್ವಂತ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆದರೆ ಎಲೆಕ್ಟ್ರಾನ್‌ಗಳೇ ಅದನ್ನು ಹೇಳಿಕೊಡುತ್ತವೆ. ಸೂರ್ಯನಿಂದ ಹೊರಟ ಎಲೆಕ್ಟ್ರಾನ್ ಮುಂದೆ ಉಳಿದಿರುವ ವಿಭವವನ್ನು ಹತ್ತಲಾರದಷ್ಟು ದುರ್ಬಲವಾಗಿದ್ದರೆ ಹಿಂದಿರುಗಿ ಬರುತ್ತದೆ, ಬಲವಾಗಿದ್ದರೆ ಹೋಗಿಯೇಬಿಡುತ್ತದೆ. ಹಾಗಾಗಿ ಸೂರ್ಯನ ಕಡೆಗೆ ವಾಪಸಾಗುವ ಎಲೆಕ್ಟ್ರಾನ್‌ಗಳ ಪಟ್ಟಿಯಲ್ಲಿ ಒಂದು ಶಕ್ತಿಯ ಮೇಲೆ ಕೊರತೆ ಕಾಣಬೇಕು. 2018ರ ಆಗಸ್ಟ್ 12ರಂದು ಹಾರಿದ ನಾಸಾ ನೌಕೆ ಪಾರ್ಕರ್ ಸೋಲಾರ್ ಪ್ರೋಬ್ ಈ ಕೊರತೆಯನ್ನು ಸ್ಪಷ್ಟವಾಗಿ ಕಂಡಿತು. ಕೊರತೆ ಶುರುವಾಗುವ ಶಕ್ತಿಯೇ ಅಲ್ಲಿಂದ ಆಚೆಗಿನ ವಿಭವದ ಅಳತೆ. ಆ ಅಳತೆಗಳ ಪ್ರಕಾರ, ಅತಿ ನಿಧಾನದ ಮಾರುತದ ವೇಗವರ್ಧನೆಯಲ್ಲಿ ಬಹುಪಾಲನ್ನು ಈ ಕ್ಷೇತ್ರವೇ ವಿವರಿಸುತ್ತದೆ. ವೇಗದ ಮಾರುತಕ್ಕೆ ಇದಷ್ಟೇ ಸಾಲದು, ಬೇರೆ ಮೂಲದಿಂದ ಶಕ್ತಿ ಸೇರಲೇಬೇಕು.

ಒಂದೇ ತಾಪ ಹೇಳಿದರೆ ಸಾಲದು

ಇಲ್ಲಿಯವರೆಗೆ "ಎಲೆಕ್ಟ್ರಾನ್ ತಾಪ 10 ಇ.ವಿ." ಎಂದು ಸುಲಭವಾಗಿ ಹೇಳಿಬಿಟ್ಟೆವು. ವಾಸ್ತವದಲ್ಲಿ ಒಂದೇ ಸಂಖ್ಯೆಯಿಂದ ಇವುಗಳ ವರ್ಣನೆ ಮುಗಿಯುವುದಿಲ್ಲ. ಅದಕ್ಕೆ ಕಾರಣ ಡಿಕ್ಕಿಯ ಸ್ವಭಾವ. ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆವೇಶವಿರುವ ಕಣಗಳು ಗೋಲಿಗಳಂತೆ ಬಡಿದುಕೊಳ್ಳುವುದಿಲ್ಲ. ದೂರದಿಂದಲೇ ಒಂದನ್ನೊಂದು ತುಸು ತುಸು ಬಾಗಿಸುತ್ತವೆ. ವೇಗವಾಗಿ ಹಾದುಹೋಗುವ ಕಣಕ್ಕೆ ಬಾಗಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಎರಡು ಡಿಕ್ಕಿಗಳ ನಡುವಿನ ಸರಾಸರಿ ದೂರ ಶಕ್ತಿಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಶಕ್ತಿ ಹತ್ತು ಪಟ್ಟಾದರೆ ದೂರ ನೂರು ಪಟ್ಟು. ಭೂಮಿಯ ಬಳಿ 10 ಇ.ವಿ. ಎಲೆಕ್ಟ್ರಾನಿನ ದಿಕ್ಕು ಗಣನೀಯವಾಗಿ ಬದಲಾಗಲು ಸುಮಾರು ಒಂದು ದಿನ ಬೇಕು. ಅಷ್ಟರಲ್ಲಿ ಅದು ಸೂರ್ಯ-ಭೂಮಿ ನಡುವಿನ ದೂರದ ಮುಕ್ಕಾಲು ಭಾಗದಷ್ಟು ಓಡಿರುತ್ತದೆ. 100 ಇ.ವಿ. ಎಲೆಕ್ಟ್ರಾನಿಗೆ ಆ ದೂರ ಸೂರ್ಯ-ಭೂಮಿ ದೂರದ ಎಪ್ಪತ್ತು ಪಟ್ಟನ್ನು ಮೀರುತ್ತದೆ. ಅಂದರೆ ಅದು ಕರೋನ ಬಿಟ್ಟ ಮೇಲೆ ದಾರಿಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದೆಯೇ ನಮ್ಮ ಉಪಕರಣಕ್ಕೆ ಬರಬಲ್ಲದು. ಕಡಿಮೆ ಶಕ್ತಿಯ ಎಲೆಕ್ಟ್ರಾನ್ ತಾನಿರುವ ಜಾಗದ ಸುದ್ದಿ ಹೇಳುತ್ತದೆ, ಹೆಚ್ಚು ಶಕ್ತಿಯದು ತಾನು ಹೊರಟ ಜಾಗದ ಸುದ್ದಿ.

ಅಳತೆಗಳಲ್ಲಿ ಈ ಭೇದ ಮೂರು ಗುಂಪುಗಳಾಗಿ ಕಾಣುತ್ತದೆ. ಸುಮಾರು 95 ಪ್ರತಿಶತ ಎಲೆಕ್ಟ್ರಾನ್‌ಗಳು "ಕೋರ್" ಗುಂಪಿನವು: ತಾಪ 10 ಇ.ವಿ. ಆಸುಪಾಸು, ಡಿಕ್ಕಿಗಳಿಂದ ಪಳಗಿ ಗಂಟೆಯಾಕಾರದ ಮ್ಯಾಕ್ಸ್‌ವೆಲ್ ಹಂಚಿಕೆಗೆ ಹತ್ತಿರ ಬಂದವು. ಸುಮಾರು 50-60 ಇ.ವಿ. ದಾಟಿದ ಮೇಲೆ ಗ್ರಾಫಿನ ರೇಖೆ ಬೇಗ ಇಳಿಯದೆ ಬಾಲದಂತೆ ಚಾಚಿಕೊಳ್ಳುತ್ತದೆ. ಎಲ್ಲ ದಿಕ್ಕಿನಿಂದಲೂ ಬರುವ ಈ ಬಾಲಕ್ಕೆ "ಹೇಲೋ" ಎಂದು ಹೆಸರು. ಇದಕ್ಕೆ ಮ್ಯಾಕ್ಸ್‌ವೆಲ್ ಸೂತ್ರ ಹೊಂದುವುದಿಲ್ಲ. ಘಾತದ ನಿಯಮದಂತೆ ನಿಧಾನವಾಗಿ ಇಳಿಯುವ ಕಾಪಾ ಹಂಚಿಕೆಯನ್ನು ಬಳಸುತ್ತಾರೆ. ಮೂರನೆಯದು "ಸ್ಟ್ರಾಲ್": ಸುಮಾರು 100ರಿಂದ 1,000 ಇ.ವಿ. ವರೆಗಿನ, ಕಾಂತರೇಖೆಯ ಗುಂಟ ಸೂರ್ಯನಿಂದ ಆಚೆಗೆ ಮಾತ್ರ ಓಡುವ ತೆಳುವಾದ ಧಾರೆ. ಕೋರ್-ಹೇಲೋ ಚಿತ್ರ 1975ರಲ್ಲಿ ಫೆಲ್ಡ್‌ಮನ್ ಮತ್ತು ಸಂಗಡಿಗರ ಕೆಲಸದಿಂದ ಗಟ್ಟಿಯಾಯಿತು. ಸ್ಟ್ರಾಲನ್ನು 1977ರಲ್ಲಿ ರೋಸೆನ್‌ಬಾವರ್ ಮತ್ತು ಸಂಗಡಿಗರು ಹೀಲಿಯೋಸ್ ನೌಕೆಗಳ ದತ್ತಾಂಶದಿಂದ ವಿವರಿಸಿದರು.

ಶಾಖವನ್ನು ಹೊತ್ತೊಯ್ಯುವುದು ಮುಖ್ಯವಾಗಿ ಈ ಶಕ್ತಿವಂತ ಎಲೆಕ್ಟ್ರಾನ್‌ಗಳೇ. ಅದರ ಪರಿಣಾಮ ತಾಪದಲ್ಲಿ ಕಾಣುತ್ತದೆ. ಅನಿಲ ಹೊರಗಿನಿಂದ ಶಾಖ ಪಡೆಯದೆ ಹಿಗ್ಗಿದರೆ ತಾಪ ದೂರದ 4/3 ಘಾತಕ್ಕೆ ವಿಲೋಮವಾಗಿ ಇಳಿಯಬೇಕು. ಹತ್ತು ಸೌರ ತ್ರಿಜ್ಯದ ಬಳಿ 7 ಲಕ್ಷ ಕೆಲ್ವಿನ್ ಎಂದಿಟ್ಟುಕೊಂಡರೆ, 215 ತ್ರಿಜ್ಯದಷ್ಟು ದೂರದ ಭೂಮಿಗೆ ಬರುವಾಗ ಅದು ಅರವತ್ತು ಪಟ್ಟು ಕುಸಿದು 12,000 ಕೆಲ್ವಿನ್ ಆಗಬೇಕಿತ್ತು. ಸಿಗುವುದು ಒಂದು ಲಕ್ಷಕ್ಕೂ ಮೇಲೆ.

ಧಾರೆ ತೆಳುವಾಗುವುದೂ ಹರಡುವುದೂ

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ನೇರ ಓಡುವುದಿಲ್ಲ, ಕಾಂತರೇಖೆಯನ್ನು ಸುತ್ತುತ್ತಾ ಸಾಗುತ್ತದೆ. ಭೂಮಿಯ ಬಳಿ ಕ್ಷೇತ್ರ ಸುಮಾರು 5 ನ್ಯಾನೋಟೆಸ್ಲಾ; ಅಲ್ಲಿ 10 ಇ.ವಿ. ಎಲೆಕ್ಟ್ರಾನಿನ ಸುತ್ತಿನ ತ್ರಿಜ್ಯ ಎರಡು ಕಿ.ಮೀ., ಸೆಕೆಂಡಿಗೆ 140 ಸುತ್ತು. ವೇಗದ ದಿಕ್ಕಿಗೂ ಕಾಂತರೇಖೆಗೂ ನಡುವಿನ ಕೋನಕ್ಕೆ ಪಿಚ್ ಕೋನ ಎನ್ನುತ್ತಾರೆ. ಕ್ಷೇತ್ರ ನಿಧಾನವಾಗಿ ದುರ್ಬಲವಾಗುತ್ತಾ ಹೋದಾಗ ಈ ಕೋನದ ಸೈನ್‌ನ ವರ್ಗವನ್ನು ಕ್ಷೇತ್ರದ ಬಲದಿಂದ ಭಾಗಿಸಿದರೆ ಬರುವ ಮೊತ್ತ ಬದಲಾಗುವುದಿಲ್ಲ.

ಇದರಿಂದ ಏನಾಗಬೇಕು ಎಂದು ಲೆಕ್ಕ ಹಾಕಿ ನೋಡೋಣ. ಹತ್ತು ಸೌರ ತ್ರಿಜ್ಯದಲ್ಲಿ 45 ಡಿಗ್ರಿ ಕೋನದಲ್ಲಿ ಹೊರಟ ಎಲೆಕ್ಟ್ರಾನ್ ಇದೆ. ಸೂರ್ಯನಿಂದ ನೇರ ಹೊರಮುಖವಾದ ಕ್ಷೇತ್ರ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ, ಅಂದರೆ ಭೂಮಿಗೆ ಬರುವಾಗ ಸುಮಾರು 460 ಪಟ್ಟು ಕಡಿಮೆ. ಸೂರ್ಯನ ಆವರ್ತನೆಯಿಂದ ರೇಖೆಗಳು ಸುರುಳಿಯಾಗಿ ಅಲ್ಲಿ 45 ಡಿಗ್ರಿ ಓರೆಯಾಗಿರುವುದರಿಂದ ಒಟ್ಟು ಇಳಿಕೆ 330 ಪಟ್ಟು ಎನ್ನಬಹುದು. ಸೈನ್‌ನ ವರ್ಗ 0.5 ಇದ್ದದ್ದು 0.0015ಕ್ಕೆ ಬರುತ್ತದೆ, ಕೋನ ಸುಮಾರು 2 ಡಿಗ್ರಿ. ಹಾಗಾದರೆ ಸ್ಟ್ರಾಲ್ ಸೂಜಿಯಷ್ಟು ತೆಳುವಾಗಿರಬೇಕಿತ್ತು. ಆದರೆ ಅಳೆದಾಗ ಅಗಲ ಹತ್ತಾರು ಡಿಗ್ರಿ ಬರುತ್ತದೆ. ಅಷ್ಟೇ ಅಲ್ಲ, ದೂರ ಹೋದಂತೆ ಅಗಲ ಹೆಚ್ಚುತ್ತಲೇ ಇರುತ್ತದೆ. ಹೀಲಿಯೋಸ್, ವಿಂಡ್, ಯುಲಿಸಿಸ್ ನೌಕೆಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು: ಸೂರ್ಯನಿಂದ ದೂರವಾದಂತೆ ಸ್ಟ್ರಾಲ್‌ನ ಪಾಲು ಕರಗುತ್ತದೆ, ಹೇಲೋ ಪಾಲು ಬೆಳೆಯುತ್ತದೆ. ಪಾರ್ಕರ್ ಪ್ರೋಬ್ ಸೂರ್ಯನ ಸಮೀಪ ಹೋದಾಗ ಹೇಲೋ ತೀರಾ ಕ್ಷೀಣವಾಗಿತ್ತು. ಸ್ಟ್ರಾಲ್ ಚದುರಿ ಹೇಲೋ ಆಗುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಚದುರಿಸುವುದು ಡಿಕ್ಕಿಯಲ್ಲ, ಅದು ಸಾಲದೆಂದು ಮೇಲೆಯೇ ಕಂಡೆವು. ಪ್ಲಾಸ್ಮಾದೊಳಗಿನ ಅಲೆಗಳು ಆ ಕೆಲಸ ಮಾಡುತ್ತವೆ. ಮುಖ್ಯ ಶಂಕಿತ ವಿಸ್ಲರ್ ಅಲೆ. ಅದರ ಕಂಪನಾಂಕ ಎಲೆಕ್ಟ್ರಾನ್ ಸುತ್ತುವ ಕಂಪನಾಂಕಕ್ಕಿಂತ ಕಡಿಮೆ, ಭೂಮಿಯ ಬಳಿಯಾದರೆ ಕೆಲವು ಹತ್ತು ಹರ್ಟ್ಸ್. ಅಲೆಯ ತಿರುಗುವ ಕ್ಷೇತ್ರ ಎಲೆಕ್ಟ್ರಾನಿನ ಸುತ್ತಿಗೆ ಹೊಂದಿಕೊಂಡಾಗ ಅನುರಣನ ಏರ್ಪಟ್ಟು ಪಿಚ್ ಕೋನ ಬದಲಾಗುತ್ತದೆ. ಇಲ್ಲೊಂದು ತೊಡಕಿದೆ. ಕಾಂತರೇಖೆಯ ಗುಂಟವೇ ಸೂರ್ಯನಿಂದ ಆಚೆಗೆ ಸಾಗುವ ವಿಸ್ಲರ್ ಅಲೆಗೆ ಅದೇ ದಿಕ್ಕಿನಲ್ಲಿ ಓಡುವ ಸ್ಟ್ರಾಲ್ ಜೊತೆ ಸಾಮಾನ್ಯ ಅನುರಣನ ಸಾಧ್ಯವಿಲ್ಲ. ಅದು ಎದುರು ಬರುವ ಎಲೆಕ್ಟ್ರಾನ್‌ಗಳಿಗೆ ಮಾತ್ರ ಹೊಂದುತ್ತದೆ. ಆದ್ದರಿಂದ ಸ್ಟ್ರಾಲನ್ನು ಕೆಡಿಸಲು ರೇಖೆಗೆ ಓರೆಯಾಗಿ ಸಾಗುವ, ಇಲ್ಲವೇ ಸೂರ್ಯನ ಕಡೆಗೆ ಬರುವ ವಿಸ್ಲರ್‌ಗಳು ಬೇಕು. ಯಾವ ಮಾದರಿಯಲ್ಲಾದರೂ "ವಿಸ್ಲರ್‌ನಿಂದ ಚದುರಿತು" ಎಂದಷ್ಟೇ ಬರೆದಿದ್ದರೆ ಅಲೆಯ ದಿಕ್ಕು ಯಾವುದು ಎಂದು ಮೊದಲು ಕೇಳಬೇಕು.

ಚದುರುವಿಕೆ ಇಲ್ಲದಿದ್ದರೆ ಹೇಗಿರುತ್ತದೆ ಎಂಬುದನ್ನು 1999ರ ಮೇ 11 ತೋರಿಸಿಕೊಟ್ಟಿತು. ಅಂದು ಮಾರುತದ ಸಾಂದ್ರತೆ ಘನ ಸೆಂಟಿಮೀಟರಿಗೆ ಒಂದು ಕಣಕ್ಕಿಂತಲೂ ಕೆಳಗೆ ಬಿತ್ತು; ಸಾಮಾನ್ಯಕ್ಕಿಂತ 98 ಪ್ರತಿಶತಕ್ಕೂ ಹೆಚ್ಚು ಇಳಿಕೆ. ಏಸ್ ಮತ್ತು ವಿಂಡ್ ನೌಕೆಗಳು ಇದನ್ನು ದಾಖಲಿಸಿದವು. ದಾರಿ ತೆರವಾದಾಗ ಸ್ಟ್ರಾಲ್ ಎಲೆಕ್ಟ್ರಾನ್‌ಗಳು ಹೆಚ್ಚು ಚದುರದೆ ನೇರ ಭೂಮಿಯ ಉತ್ತರ ಧ್ರುವದ ಮೇಲಿನ ತೆರೆದ ಕಾಂತರೇಖೆಗಳಿಗೆ ಇಳಿದವು. ಅವು ವಾತಾವರಣಕ್ಕೆ ಬಡಿದು ಹೊಮ್ಮಿಸಿದ ಎಕ್ಸ್-ಕಿರಣವನ್ನು ಪೋಲಾರ್ ಉಪಗ್ರಹ ಚಿತ್ರ ತೆಗೆಯಿತು. ಕರೋನದ ಎಲೆಕ್ಟ್ರಾನ್ ಧಾರೆ ಭೂಮಿಯ ಮೇಲೆ ಇಷ್ಟು ನೇರವಾಗಿ ಕಾಣಿಸಿಕೊಂಡದ್ದು ಬಹಳ ಅಪರೂಪ.

ಅಳೆಯುವುದು ಹೇಗೆ, ಎಲ್ಲಿ ಕೆಡುತ್ತದೆ

ಎಲೆಕ್ಟ್ರಾನ್ ಎಣಿಸಲು ಬಳಸುವ ಉಪಕರಣದ ಹೃದಯ ಒಂದರೊಳಗೊಂದು ಕೂತ ಎರಡು ಅರ್ಧಗೋಳಗಳು. ಅವುಗಳ ನಡುವೆ ವೋಲ್ಟೇಜ್ ಕೊಟ್ಟರೆ, ಆ ವೋಲ್ಟೇಜಿಗೆ ತಕ್ಕ ಶಕ್ತಿಯ ಎಲೆಕ್ಟ್ರಾನ್ ಮಾತ್ರ ಬಾಗಿ ಸಂದಿಯಲ್ಲಿ ತೂರಿ ಬರುತ್ತದೆ. ಉಳಿದವು ಗೋಡೆಗೆ ಬಡಿದು ಕಳೆದುಹೋಗುತ್ತವೆ. ಸರಾಸರಿ ತ್ರಿಜ್ಯ 40 ಮಿ.ಮೀ., ಸಂದಿ 3 ಮಿ.ಮೀ. ಇದ್ದರೆ 100 ಇ.ವಿ. ಎಲೆಕ್ಟ್ರಾನಿಗೆ ಬೇಕಾಗುವುದು 15 ವೋಲ್ಟ್ ಅಷ್ಟೆ. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಾ ಹೋದರೆ ಪೂರ್ತಿ ಶಕ್ತಿಪಟ್ಟಿ ಸಿಗುತ್ತದೆ. ಹೊರಬಂದ ಒಂದೊಂದು ಎಲೆಕ್ಟ್ರಾನನ್ನೂ ಮೈಕ್ರೋಚಾನಲ್ ಫಲಕ ಹತ್ತು ಲಕ್ಷದ ಪ್ರಮಾಣಕ್ಕೆ ವರ್ಧಿಸಿ ಎಣಿಸಬಲ್ಲ ಮಿಡಿತವಾಗಿಸುತ್ತದೆ.

ದೊಡ್ಡ ತಲೆನೋವು ನೌಕೆಯದೇ ಆವೇಶ. ಬಿಸಿಲು ಬಿದ್ದ ಲೋಹದಿಂದ ಎಲೆಕ್ಟ್ರಾನ್‌ಗಳು ಚಿಮ್ಮಿ, ನೌಕೆ ಸಾಮಾನ್ಯವಾಗಿ ಕೆಲವು ವೋಲ್ಟ್ ಧನ ವಿಭವಕ್ಕೆ ಏರುತ್ತದೆ. 7 ವೋಲ್ಟ್ ಎಂದುಕೊಳ್ಳಿ. ಆಗ 10 ಇ.ವಿ. ಎಲೆಕ್ಟ್ರಾನ್ ಉಪಕರಣಕ್ಕೆ 17 ಇ.ವಿ. ಆಗಿ ಕಾಣುತ್ತದೆ, ಬರುವ ದಿಕ್ಕೂ ಬಾಗಿರುತ್ತದೆ. 7 ಇ.ವಿ.ಗಿಂತ ಕಡಿಮೆಯ ಕಡೆ ಕಾಣುವುದೆಲ್ಲ ನೌಕೆಯಿಂದಲೇ ಹೊರಟು ವಾಪಸು ಬಿದ್ದ ಎಲೆಕ್ಟ್ರಾನ್‌ಗಳು. ಅವನ್ನೂ ಸೇರಿಸಿ ಕೂಡಿದರೆ ಸಾಂದ್ರತೆ ಹಲವು ಪಟ್ಟು ಹೆಚ್ಚಾಗಿ ಬಂದು ತಾಪ ಕಡಿಮೆಯಾಗಿ ಬರುತ್ತದೆ. ಸರಿಪಡಿಸುವ ಕ್ರಮ ಹೀಗೆ: ಶಕ್ತಿಪಟ್ಟಿಯಲ್ಲಿ ಎರಡು ಗುಂಪುಗಳ ನಡುವಿನ ತಗ್ಗನ್ನು ಗುರುತಿಸಿ ಅದರಿಂದ ವಿಭವ ಅಂದಾಜಿಸಬೇಕು, ಅದರ ಕೆಳಗಿನದನ್ನು ಬಿಡಬೇಕು, ಉಳಿದ ಪ್ರತಿ ಶಕ್ತಿಯಿಂದ ವಿಭವವನ್ನು ಕಳೆಯಬೇಕು, ಕೊನೆಗೆ ಸಿಕ್ಕ ಸಾಂದ್ರತೆಯನ್ನು ಬೇರೊಂದು ಸ್ವತಂತ್ರ ಅಳತೆಯ ಜೊತೆ ಹೋಲಿಸಬೇಕು.

ಆ ಸ್ವತಂತ್ರ ಅಳತೆ ರೇಡಿಯೋದಿಂದ ಸಿಗುತ್ತದೆ. ಎಲೆಕ್ಟ್ರಾನ್‌ಗಳ ಸಹಜ ಅಲುಗಾಟವೇ ಆಂಟೆನಾದಲ್ಲಿ ಮಂದ ಗದ್ದಲವಾಗಿ ಕೇಳಿಸುತ್ತದೆ, ಪ್ಲಾಸ್ಮಾ ಕಂಪನಾಂಕದ (ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಕಂಪನಾಂಕ) ಬಳಿ ಅದಕ್ಕೊಂದು ಶಿಖರವಿರುತ್ತದೆ. ಕಂಪನಾಂಕ ಕಿಲೋಹರ್ಟ್ಸ್‌ನಲ್ಲಿದ್ದರೆ ಅದನ್ನು 9ರಿಂದ ಭಾಗಿಸಿ ವರ್ಗ ಮಾಡಿ: ಘನ ಸೆಂಟಿಮೀಟರಿನ ಎಲೆಕ್ಟ್ರಾನ್ ಸಂಖ್ಯೆ ಕೈಗೆ ಬರುತ್ತದೆ. 20 ಕಿಲೋಹರ್ಟ್ಸ್ ಎಂದರೆ ಸುಮಾರು 5. ನೌಕೆಯ ಕೆಲವು ವೋಲ್ಟ್ ಆವೇಶಕ್ಕೆ ಈ ವಿಧಾನ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಆದರೆ ಆಂಟೆನಾ ಸಾಕಷ್ಟು ಉದ್ದವಿರಬೇಕು. ಭೂಮಿಯ ಬಳಿ ಆವೇಶ ಮರೆಯಾಗುವ ಡಿಬೈ ದೂರವೇ ಸುಮಾರು 10 ಮೀಟರ್. ಆಂಟೆನಾ ಅದಕ್ಕಿಂತ ಚಿಕ್ಕದಾದರೆ ಶಿಖರ ಸ್ಪಷ್ಟವಾಗಿ ಏಳುವುದಿಲ್ಲ.

ಇದೇ ಸೂತ್ರ ಕರೋನಕ್ಕೂ ಅನ್ವಯಿಸುತ್ತದೆ. ಸೌರ ಜ್ವಾಲೆಯಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ಗಳು ಹೊರಗೆ ಓಡುವಾಗ ಅಲ್ಲಲ್ಲಿನ ಪ್ಲಾಸ್ಮಾ ಕಂಪನಾಂಕದಲ್ಲಿ ರೇಡಿಯೋ ಅಲೆ ಹೊಮ್ಮಿಸುತ್ತವೆ. ಘನ ಸೆಂಟಿಮೀಟರಿಗೆ 10 ಕೋಟಿ ಎಲೆಕ್ಟ್ರಾನ್ ಇರುವಲ್ಲಿ ಅದು 90 ಮೆಗಾಹರ್ಟ್ಸ್. ಮೇಲೆ ಹೋದಂತೆ ಕಂಪನಾಂಕ ಸರ್ರನೆ ಇಳಿಯುತ್ತದೆ. ಮೂರನೇ ಬಗೆ (ಟೈಪ್ III) ಎಂದು ಕರೆಯುವ ಈ ರೇಡಿಯೋ ಸ್ಫೋಟಗಳನ್ನು ನಮ್ಮ ಗೌರಿಬಿದನೂರಿನ ಸೌರ ರೇಡಿಯೋ ವೀಕ್ಷಣಾಲಯದಲ್ಲೂ ದಾಖಲಿಸುತ್ತಾರೆ. ಕೆಳಗಿನ ಕಂಪನಾಂಕಗಳನ್ನು ಅಯಾನುಗೋಳ ತಡೆಯುವುದರಿಂದ ಅದರ ಮುಂದಿನ ಕಥೆಗೆ ನೌಕೆಗಳೇ ಬೇಕು.

ನೌಕೆಯ ಮೈಕಟ್ಟೂ ಅಡ್ಡಿಯಾಗುತ್ತದೆ. ಪಾರ್ಕರ್ ಪ್ರೋಬ್‌ನ ಶಾಖ ಕವಚ ಸೂರ್ಯನ ದಿಕ್ಕನ್ನೇ ಮರೆಮಾಡುತ್ತದೆ. ಕಾಂತರೇಖೆ ನೇರ ಸೂರ್ಯನಿಂದ ಬರುತ್ತಿದ್ದರೆ ಸ್ಟ್ರಾಲ್‌ನ ನಡುಭಾಗವೇ ಕವಚದ ಹಿಂದೆ ಅಡಗುತ್ತದೆ. ಸೋಲಾರ್ ಆರ್ಬಿಟರ್‌ನಲ್ಲಿ ಎಲೆಕ್ಟ್ರಾನ್ ಸಂವೇದಕವನ್ನು ಹಿಂಬದಿಯ ಉದ್ದ ತೋಳಿನ ತುದಿಯಲ್ಲಿ ಕೂರಿಸಿದ್ದಾರೆ. ಭಾರತದ ಆದಿತ್ಯ-ಎಲ್1 (ಹಾರಿದ್ದು 2023ರ ಸೆಪ್ಟೆಂಬರ್ 2, ಎಲ್1 ಕಕ್ಷೆ ಸೇರಿದ್ದು 2024ರ ಜನವರಿ 6) ಹೊತ್ತಿರುವ ಪಾಪಾ ಉಪಕರಣದ ಸ್ವೀಪ್ ಎಂಬ ಸಂವೇದಕ 10 ಇ.ವಿ.ಯಿಂದ 3,000 ಇ.ವಿ. ವರೆಗೆ ಅಳೆಯುತ್ತದೆ. ಕೋರ್‌ನ ಮೇಲ್ಭಾಗ, ಹೇಲೋ, ಸ್ಟ್ರಾಲ್ ಮೂರೂ ಈ ವ್ಯಾಪ್ತಿಯೊಳಗೆ ಬರುತ್ತವೆ.

ಪಿಚ್ ಕೋನದ ಪಟ ಓದುವುದು

ಏಸ್, ವಿಂಡ್‌ನಂಥ ನೌಕೆಗಳ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ, ಆಸಕ್ತರು ತಾವೇ ನೋಡಬಹುದು. ಅಡ್ಡ ಅಕ್ಷ ಸಮಯ, ಉದ್ದ ಅಕ್ಷ 0ಯಿಂದ 180 ಡಿಗ್ರಿ ಪಿಚ್ ಕೋನ, ಬಣ್ಣ ಎಲೆಕ್ಟ್ರಾನ್ ಹರಿವು. ಶಕ್ತಿ 250 ಇ.ವಿ. ಸುತ್ತಮುತ್ತ ಇರುವುದನ್ನು ಆರಿಸಿಕೊಳ್ಳಿ. ಸ್ಟ್ರಾಲ್ ಯಾವಾಗಲೂ ಸೂರ್ಯನಿಂದ ಆಚೆಗೆ ಓಡುವುದರಿಂದ, ಗಾಢ ಪಟ್ಟಿ 0 ಡಿಗ್ರಿಯಲ್ಲಿದ್ದರೆ ಆ ಕಾಂತರೇಖೆ ಸೂರ್ಯನಿಂದ ಹೊರಮುಖ, 180ರಲ್ಲಿದ್ದರೆ ಒಳಮುಖ.

ಕ್ಷೇತ್ರದ ದಿಕ್ಕು ಥಟ್ಟನೆ ತಿರುಗಿದಾಗ ಈ ಪಟ್ಟಿಯ ಬೆಲೆ ಗೊತ್ತಾಗುತ್ತದೆ. ಪಟ್ಟಿಯೂ 0ಯಿಂದ 180ಕ್ಕೆ ಹಾರಿದರೆ ನೌಕೆ ನಿಜವಾಗಿಯೂ ವಿರುದ್ಧ ಧ್ರುವತೆಯ ಪ್ರದೇಶಕ್ಕೆ ದಾಟಿದೆ. ಕ್ಷೇತ್ರ ತಿರುಗಿದರೂ ಪಟ್ಟಿ ಇದ್ದಲ್ಲೇ ಉಳಿದರೆ ಅದು ಅದೇ ರೇಖೆ, ಮಡಿಚಿಕೊಂಡಿದೆ ಅಷ್ಟೆ. ಪಾರ್ಕರ್ ಪ್ರೋಬ್ ಸೂರ್ಯನ ಬಳಿ ಕಂಡ ಅಸಂಖ್ಯ ಹಿಮ್ಮಡಿಕೆಗಳು ಮಡಿಕೆಗಳೇ ಎಂದು ತೀರ್ಮಾನಿಸಲು ನೆರವಾದದ್ದು ಇದೇ ಪರೀಕ್ಷೆ.

0 ಮತ್ತು 180 ಎರಡರಲ್ಲೂ ಒಟ್ಟಿಗೆ ಪಟ್ಟಿ ಮೂಡಿದರೆ ರೇಖೆಯ ಎರಡೂ ತುದಿ ಸೂರ್ಯನಲ್ಲೇ ನೆಟ್ಟಿರುವ ಸಾಧ್ಯತೆ ಇದೆ, ಅಂದರೆ ಕರೋನದಿಂದ ಚಿಮ್ಮಿದ ದ್ರವ್ಯರಾಶಿಯೊಂದು ನೌಕೆಯ ಮೇಲೆ ಹಾದುಹೋಗುತ್ತಿದೆ. ಇಲ್ಲಿ ಅವಸರ ಸಲ್ಲದು. ನೌಕೆ ಭೂಮಿಯ ಹತ್ತಿರವಿದ್ದು ಆ ಕಾಂತರೇಖೆ ಭೂಮಿಯ ಮುಂದಿನ ಆಘಾತದ ಅಲೆಗೆ ತಾಗಿದ್ದರೆ, ಅಲ್ಲಿಂದ ಹಿಮ್ಮುಖವಾಗಿ ಬರುವ ಎಲೆಕ್ಟ್ರಾನ್‌ಗಳೂ ಇಂಥದೇ ಜೋಡಿ ಪಟ್ಟಿ ಬರೆಯುತ್ತವೆ. ಪ್ರೋಟಾನ್ ತಾಪ ಮಾಮೂಲಿಗಿಂತ ತೀರಾ ಕಡಿಮೆ ಇದೆಯೇ, ಕಾಂತಕ್ಷೇತ್ರ ಬಲವಾಗಿದ್ದು ಹಲವು ಗಂಟೆಗಳ ಕಾಲ ನಯವಾಗಿ ತಿರುಗುತ್ತಿದೆಯೇ ಎಂದು ಅದೇ ಸಮಯದ ಪಟಗಳಲ್ಲಿ ನೋಡಿ. ಇವೆರಡೂ ಜೊತೆಗಿದ್ದರೆ ಅದು ಸೂರ್ಯನಿಂದ ಬಂದ ಕುಣಿಕೆ ಎಂದು ಗುರುತು ಹಾಕಿಕೊಳ್ಳಬಹುದು.